ಓಟಗಾರರ ಮೊದಲ ರೇಸ್: ಡ್ಯುಯಾಥ್ಲಾನೋ, ಟ್ರಯಾಥ್ಲಾನೋ?

ಸ್ಪ್ರಿಂಟ್ ಟ್ರಯಾಥ್ಲಾನ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಡ್ಯುಯಾಥ್ಲಾನ್‌ನಲ್ಲಿ ಈಜಿಲ್ಲ: ಓಟ, ಸೈಕಲ್, ಮತ್ತೆ ಓಟ.

ಕೊಡಗಿನ ಓಟಗಾರರಿಗೆ ನಾನು ಹೇಳುವುದು ಡ್ಯುಯಾಥ್ಲಾನನ್ನೇ. ಮಡಿಕೇರಿಯ ಏರಿಳಿತದಲ್ಲಿ ಓಡಿದವರಿಗೆ ದಮ್ಮು ಇದ್ದೇ ಇರುತ್ತದೆ. ಕಲಿಯಬೇಕಾದ್ದು ಸೈಕಲ್ ಇಳಿದ ಕೂಡಲೇ ಓಡುವುದನ್ನು. ಆಗ ತೊಡೆ ಬಿಗಿದುಕೊಂಡಿರುತ್ತದೆ, ಹೆಜ್ಜೆ ತಾಳಕ್ಕೆ ಬರುವುದೇ ಇಲ್ಲ. ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ ಸೈಕಲ್ ಹೊಡೆದು, ತಕ್ಷಣ ಹತ್ತು ನಿಮಿಷ ಓಡಿ ರೂಢಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಘಾಟಿಯ ಇಳಿಜಾರು ಮಾತ್ರ ಬೇಡ.

ಟ್ರಯಾಥ್ಲಾನ್‌ಗೆ, ಹೊಳೆಯಲ್ಲಿ ಆಡಿ ಬೆಳೆದವರು ಎಂಬ ಧೈರ್ಯ ಸಾಲದು. ಗುಂಪಿನ ನಡುವೆ, ಕಾಲಿಗೆ ನೆಲ ಸಿಗದ ಕಡೆ ಈಜಬೇಕು. ಕಾವೇರಿಯಲ್ಲಿ ಒಬ್ಬರೇ ಅಭ್ಯಾಸಕ್ಕೆ ಇಳಿಯಲೇಬೇಡಿ. ಸೆಳೆತ ಮೇಲಿಂದ ಕಾಣುವುದಿಲ್ಲ. ಈಜುಕೊಳದಲ್ಲಿ, ಕೋಚ್ ಎದುರಿಗೆ ಕಲಿಯಿರಿ.