ವೆಲ್ಷ್ ವ್ಯಾಕರಣ ಕಲಿಯಲು ಆಪ್, ಕಿವಿಪಾಠ, ಸಂಜೆ ಕ್ಲಾಸು, ಪುಸ್ತಕ: ನಾಲ್ಕನ್ನೂ ನೋಡಿದ ಮೇಲೆ

ಬ್ರಿಟನ್ನಿನ ವೇಲ್ಸ್ ನಾಡಿನ ಮಾತಾದ ವೆಲ್ಷ್ ಕಲಿಯಲು ಹೊರಟವರನ್ನು ಶುರುವಿನಲ್ಲೇ ತಡೆದು ನಿಲ್ಲಿಸುವುದು ಪದದ ಮೊದಲ ಅಕ್ಷರ. ಬೆಕ್ಕಿಗೆ 'ಕಾಥ್' ಅಂತ ಕಲಿತಿರುತ್ತೇವೆ. ಅವನ ಬೆಕ್ಕು ಅನ್ನಬೇಕಾದರೆ 'ಇ ಗಾಥ್ ಓ'. ಅವಳ ಬೆಕ್ಕಾದರೆ 'ಇ ಖಾಥ್ ಹಿ', ಆ ಖ ಗಂಟಲಿಂದ ಬರಬೇಕು. ನನ್ನ ಬೆಕ್ಕಾದರೆ 'ವ ಙ್ಹಾಥ್ ಇ'. ನಿಘಂಟು ತೆಗೆದರೆ 'ಕಾಥ್' ಮಾತ್ರ ಸಿಗುತ್ತದೆ, ಉಳಿದ ಮೂರೂ ಇಲ್ಲ. ಈ ಬದಲಾವಣೆಗೆ ವೆಲ್ಷ್‌ನಲ್ಲಿ 'ಟ್ರೈಗ್ಲಡ್' ಎನ್ನುತ್ತಾರೆ, ಇಂಗ್ಲಿಷಿನಲ್ಲಿ ಮ್ಯುಟೇಶನ್. ಗಾಥ್ ಆದದ್ದು ಮೃದು ಬದಲಾವಣೆ, ಖಾಥ್ ಉಸಿರಿನದು, ಙ್ಹಾಥ್ ಮೂಗಿನದು.

ನಾನಿರುವುದು ವೇಲ್ಸ್‌ನ ವಾಯವ್ಯ ಮೂಲೆಯ ಗ್ವಿನೆದ್‌ನಲ್ಲಿ. 2021ರ ಜನಗಣತಿ ಪ್ರಕಾರ ಇಡೀ ವೇಲ್ಸ್‌ನಲ್ಲಿ ವೆಲ್ಷ್ ಮಾತಾಡಬಲ್ಲವರು ಸುಮಾರು 5 ಲಕ್ಷ 38 ಸಾವಿರ, ನೂರಕ್ಕೆ 17.8 ಜನ. ಗ್ವಿನೆದ್‌ನಲ್ಲಿ ಆ ಲೆಕ್ಕ ನೂರಕ್ಕೆ 64 ದಾಟುತ್ತದೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಶಾಲೆಯ ಗೇಟಿನ ಮುಂದೆ ಕಿವಿಗೆ ಬೀಳುವುದು ಜಾಸ್ತಿ ವೆಲ್ಷೇ. ಊರಿನ ಮಾತು ಕಲಿಯದೆ ಊರಲ್ಲಿ ಇರುವುದು ನನಗೆ ಸರಿ ಕಾಣಲಿಲ್ಲ. ಕಲಿಸುವ ಕೋರ್ಸುಗಳು ಇಂಗ್ಲಿಷ್ ಬಲ್ಲವರಿಗಾಗಿ ಮಾಡಿದವು. ಹಾಗಾಗಿ ನಾನೂ ಇಂಗ್ಲಿಷಿನವರ ಸಾಲಿನಲ್ಲೇ ಕೂತು ಕಲಿತೆ.

ನಾಲ್ಕು ದಾರಿಗಳನ್ನು ಅಳೆಯಲು ನಾನು ಹಿಡಿದ ಅಳತೆ 'ಅನ್' ಎಂಬ ಪುಟ್ಟ ಪದ. ಸ್ವರದ ನಂತರ ಬಂದರೆ ಬರೀ 'ನ್' ಆಗಿ ಅಂಟಿಕೊಳ್ಳುತ್ತದೆ. 'ಮೈ ಹಿನ್ ಕನಿ' ಅಂದರೆ ಅವಳು ಹಾಡುತ್ತಿದ್ದಾಳೆ. ಇಲ್ಲಿ ಕ ಹಾಗೇ ಉಳಿಯಿತು. ಹಾಡುಗಾರ್ತಿಗೆ 'ಕಂಟೊರೆಸ್'. ಅವಳು ಹಾಡುಗಾರ್ತಿ ಅನ್ನಲು 'ಮೈ ಹಿನ್ ಗಂಟೊರೆಸ್'. ಇಲ್ಲಿ ಕ ಹೋಗಿ ಗ ಬಂತು. ಕಾರ್ಡಿಫ್‌ಗೆ ವೆಲ್ಷ್ ಹೆಸರು 'ಕೈರ್‌ಡೀದ್'. ಅವಳು ಕಾರ್ಡಿಫ್‌ನಲ್ಲಿದ್ದಾಳೆ ಅನ್ನಲು 'ಮೈ ಹಿ ಅಂಗ್ ಙ್ಹೈರ್‌ಡೀದ್'. ಇಲ್ಲಿ 'ಅನ್' ಕೂಡ 'ಅಂಗ್' ಆಯಿತು. ಕ್ರಿಯೆ ಬಂದರೆ ಬದಲಾವಣೆ ಇಲ್ಲ, ನಾಮಪದ ಅಥವಾ ಗುಣವಾಚಕ ಬಂದರೆ ಒಂದು ಥರ, 'ಒಳಗೆ' ಎಂಬ ಅರ್ಥ ಬಂದರೆ ಇನ್ನೊಂದು ಥರ. ಈ ಮೂರು ವಾಕ್ಯ ತಡವರಿಸದೆ ಬಾಯಿಗೆ ಬಂದರೆ ಅಡಿಪಾಯ ಬಿದ್ದ ಹಾಗೆ. ಯಾವ ದಾರಿ ಇದನ್ನು ಬಾಯಿಗೆ ತರುತ್ತದೆ?

ಫೋನಿನ ಆಪ್‌ನಿಂದ ಶುರು ಮಾಡುವವರೇ ಹೆಚ್ಚು. ಅದರಿಂದ ನನಗೆ ನಿಜವಾಗಿ ಸಿಕ್ಕಿದ್ದು ಕಾಗುಣಿತ. ವೆಲ್ಷ್‌ನಲ್ಲಿ ಒಂದು ಎಫ್ ಬರೆದರೆ ವ, ಎರಡು ಬರೆದರೆ ಫ. ಎರಡು ಡಿ ಸೇರಿದರೆ ಮೃದುವಾದ ದ. ಡಬ್ಲ್ಯೂ ಬಹಳ ಕಡೆ ಸ್ವರ. ದಿನಾ ಸ್ವಲ್ಪ ಸ್ವಲ್ಪ ನೋಡುತ್ತಿದ್ದರೆ ಕಣ್ಣು ಇದಕ್ಕೆಲ್ಲ ಹೊಂದಿಕೊಂಡು ಬಿಡುತ್ತದೆ, ರಸ್ತೆಯ ಬೋರ್ಡು ಓದಲು ಬರುತ್ತದೆ. ಪದಗಳೂ ಬೇಗ ಸೇರುತ್ತವೆ. ಆದರೆ ಪದಗಳ ಚೌಕ ಆರಿಸಿ ವಾಕ್ಯ ಜೋಡಿಸುವ ಆಟದಲ್ಲಿ 'ಗಂಟೊರೆಸ್' ಮೊದಲೇ ಗ ಹಾಕಿಕೊಂಡು ಕೂತಿರುತ್ತದೆ. ಬೆರಳು ಅದನ್ನು ಮುಟ್ಟುತ್ತದೆ, ನಾಲಿಗೆಗೆ ಕೆಲಸವೇ ಇಲ್ಲ. 'ಅನ್' ಪರೀಕ್ಷೆಯಲ್ಲಿ ಇದು ದಾಟಲಿಲ್ಲ. ಇನ್ನೊಂದು ತೊಡಕೆಂದರೆ ಉತ್ತರದ ಮಾತು, ದಕ್ಷಿಣದ ಮಾತು ಎರಡೂ ಬೆರೆತು ಬರುವುದು. 'ಈಗ' ಅನ್ನಲು ದಕ್ಷಿಣದಲ್ಲಿ 'ನೌರ್', ನಮ್ಮ ಕಡೆ 'ರೂಆನ್'. ಹೊಸಬರಿಗೆ ಮೊದಲು ಒಂದು ಗಟ್ಟಿಯಾಗಬೇಕು.

ಕಿವಿಪಾಠ ಅಂತ ನಾನು ಕರೆಯುವುದು 'ಸೇ ಸಮ್‌ಥಿಂಗ್ ಇನ್ ವೆಲ್ಷ್' ಎಂಬ ಕೋರ್ಸನ್ನು. 2009ರಲ್ಲಿ ಶುರುವಾಗಿದ್ದು. ಉತ್ತರವೋ ದಕ್ಷಿಣವೋ ಅಂತ ಮೊದಲೇ ಆರಿಸಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಕೇಳಿಸುತ್ತದೆ, ಸ್ವಲ್ಪ ಬಿಡುವು, ಆ ಬಿಡುವಿನಲ್ಲಿ ನೀವು ವೆಲ್ಷ್‌ನಲ್ಲಿ ಹೇಳಬೇಕು. ಆಮೇಲೆ ಸರಿ ಉತ್ತರ ಬರುತ್ತದೆ. ಓದುವುದಿಲ್ಲ, ಬರೆಯುವುದಿಲ್ಲ, ವ್ಯಾಕರಣದ ಹೆಸರುಗಳನ್ನು ಬೇಕೆಂದೇ ದೂರ ಇಟ್ಟಿದ್ದಾರೆ. ಉತ್ತರದವರಿಗೆ ಮೊದಲು ಬರುವ ಮಾತು 'ಡು ಇ ಇಶೊ ಶರಡ್ ಕಮ್ರಾಯ್ಗ್', ನನಗೆ ವೆಲ್ಷ್ ಮಾತಾಡಬೇಕು ಅಂತ.

ವಾಕ್ಯದ ಕ್ರಮ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಕ್ರಿಯಾಪದ ಕನ್ನಡದಲ್ಲಿ ಕೊನೆಗೆ, ಇಂಗ್ಲಿಷಿನಲ್ಲಿ ನಡುವೆ, ವೆಲ್ಷ್‌ನಲ್ಲಿ ಎಲ್ಲಕ್ಕಿಂತ ಮೊದಲು. 'ಮೈ ಶಾನ್ ಅನ್ ಕನಿ' ಅಂದರೆ 'ಇದ್ದಾಳೆ ಶಾನ್ ಹಾಡುತ್ತಾ' ಎಂಬ ಜೋಡಣೆ. ಯೋಚಿಸಿ ಜೋಡಿಸಲು ಹೋದರೆ ಎದುರಿನವರು ಅಷ್ಟರಲ್ಲಿ ಇಂಗ್ಲಿಷಿಗೆ ಹೊರಳಿರುತ್ತಾರೆ. ಕಿವಿಪಾಠದಲ್ಲಿ ಯೋಚಿಸಲು ಸಮಯವನ್ನೇ ಕೊಡುವುದಿಲ್ಲ, ಅದೇ ಅದರ ಗುಣ. ಇನ್ನೂ ಸೂಕ್ಷ್ಮ ಸಂಗತಿಗಳೂ ಹೀಗೇ ಕೂರುತ್ತವೆ. 'ಬೇಕು' ಎನ್ನುವ 'ಇಶೊ'ಗೆ ಮೊದಲು 'ಅನ್' ಬರುವುದಿಲ್ಲ, 'ಇಷ್ಟ' ಎನ್ನುವ 'ಲಿಕ್ಯೊ'ಗೆ ಮೊದಲು ಬರುತ್ತದೆ. ನಿಯಮ ಯಾರೂ ಹೇಳಲಿಲ್ಲ, ಆದರೂ ಬಾಯಿ ಹಾಗೇ ಹೇಳಲು ಕಲಿಯಿತು. ಅಕ್ಷರ ಬದಲಾವಣೆಯೂ ಪದಗುಚ್ಛದ ಜೊತೆ ಸೇರಿಕೊಂಡೇ ಬರುತ್ತದೆ. ಆದರೆ ಯಾಕೆ ಬದಲಾಯಿತು ಅಂತ ಕೇಳಿದರೆ ಅಲ್ಲಿ ಉತ್ತರವಿಲ್ಲ. ನನಗಂತೂ ಯಾಕೆ ಅಂತ ಗೊತ್ತಾಗದೆ ಮುಂದೆ ಹೋಗಲು ಆಗುವುದಿಲ್ಲ.

ಇಲ್ಲಿ ಕನ್ನಡ ಶಾಲೆಯ ಪಾಠ ನೆರವಿಗೆ ಬಂತು. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಕಣ್, ಪನಿ ಸೇರಿ ಕಂಬನಿ. ಆದೇಶ ಸಂಧಿ ಅಂತ ಬಾಯಿಪಾಠ ಮಾಡಿದ್ದೆವಲ್ವಾ? ಕತಪ ಹೋಗಿ ಗದಬ ಬರುವುದು. ವೆಲ್ಷ್‌ನ ಮೃದು ಬದಲಾವಣೆಯ ಮೊದಲ ಮೂರು ಹೆಚ್ಚುಕಡಿಮೆ ಇವೇ. ಕಾಥ್ ಹೋಗಿ ಗಾಥ್. ಅಪ್ಪ ಎನ್ನುವ 'ಟಾಡ್' ಅವನ ಅಪ್ಪನಾದಾಗ 'ಡಾಡ್'. ಸೇತುವೆ 'ಪೊಂಟ್', 'ಆ ಸೇತುವೆ' ಆದಾಗ 'ಅ ಬೊಂಟ್'. ಹಳೆಗನ್ನಡದ ಮೆಲ್ವಾತು ನೆನಪಿಸಿಕೊಳ್ಳಿ, ಮೆಲ್ ಮುಂದೆ ಮಾತು ಬಂದು ಮ ಜಾಗದಲ್ಲಿ ವ. ವೆಲ್ಷ್‌ನಲ್ಲೂ ಬ, ಮ ಎರಡೂ ವ ಆಗುತ್ತವೆ. ಅಮ್ಮನಿಗೆ 'ಮಮ್', ಅವನ ಅಮ್ಮನಿಗೆ 'ವಮ್'. ಬಂಗೋರ್ ನಗರಕ್ಕೆ ಹೋಗುವುದಾದರೆ 'ಇ ವಂಗೋರ್'. ಎರಡು ಭಾಷೆಗೂ ಯಾವ ನಂಟೂ ಇಲ್ಲ. ಮೆತ್ತಗೆ ಉಚ್ಚರಿಸಲು ಹೊರಟ ಬಾಯಿ ಎರಡು ಕಡೆಯೂ ಒಂದೇ ಕೆಲಸ ಮಾಡಿದೆ, ಅಷ್ಟೇ. ಒಂದು ಮುಖ್ಯ ವ್ಯತ್ಯಾಸ ಇದೆ. ನಮ್ಮಲ್ಲಿ ಎರಡು ಪದ ಸೇರಿ ಒಂದಾದಾಗ ಹೀಗಾಗುತ್ತದೆ. ವೆಲ್ಷ್‌ನಲ್ಲಿ ಪದಗಳು ಬೇರೆ ಬೇರೆಯೇ ಉಳಿಯುತ್ತವೆ, ಹಿಂದಿನ ಪದ ಯಾವುದು ಅನ್ನುವುದೇ ಮುಂದಿನದರ ಮೊದಲಕ್ಷರವನ್ನು ತೀರ್ಮಾನಿಸುತ್ತದೆ. ಇನ್ನು ಮೂಗಿನ ಬದಲಾವಣೆಗೆ ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಙ ಬಹಳ ಉಪಯೋಗಕ್ಕೆ ಬಂತು. 'ಙ್ಹಾಥ್' ಅನ್ನು ಕನ್ನಡದಲ್ಲಿ ಬರೆದುಕೊಂಡ ದಿನದಿಂದ ಉಚ್ಚಾರ ಸುಲಭವಾಯಿತು.

ಸಂಜೆ ಕ್ಲಾಸು ವೆಲ್ಷ್ ಕಲಿಕೆಯ ರಾಷ್ಟ್ರೀಯ ಕೇಂದ್ರದ್ದು. ಮೊದಲ ಹಂತ 'ಮನೆಡ್ಯಾಡ್', ಆಮೇಲೆ 'ಸಲ್ವೈನ್', ಹೀಗೆ ಮೇಲೆ ಹೋಗುತ್ತದೆ. ಪಠ್ಯಪುಸ್ತಕ ಉತ್ತರಕ್ಕೆ ಬೇರೆ, ದಕ್ಷಿಣಕ್ಕೆ ಬೇರೆ. ಆನ್‌ಲೈನ್ ಕ್ಲಾಸೂ ಉಂಟು. ಶುಲ್ಕ ಇದೆ, 16ರಿಂದ 25 ವಯಸ್ಸಿನವರಿಗೆ ಉಚಿತ.

'ಅನ್' ಪರೀಕ್ಷೆಯಲ್ಲಿ ಗೆದ್ದದ್ದು ಇದೇ. ಟೀಚರ್ ಒಂದು ಮಾದರಿ ಕೊಟ್ಟು ಪಕ್ಕದವರ ಜೊತೆ ಮಾತಾಡಿಸುತ್ತಾರೆ. ಊರಿನ ಹೆಸರು ಬದಲಿಸಿ ಬದಲಿಸಿ ಹೇಳಬೇಕು. 'ಅಂಗ್ ಙ್ಹೈರ್‌ಡೀದ್', 'ಅಮ್ ಮಂಗೋರ್' ಅಂತ ಬಾಯಿಗೆ ಬರುವವರೆಗೂ ಬಿಡುವುದಿಲ್ಲ. ಆಮೇಲೆ ನಿಯಮ ಹೇಳುತ್ತಾರೆ. ಮೊದಲು ಬಾಯಿ, ಆಮೇಲೆ ಕಾರಣ. ಈ ಕ್ರಮವೇ ಸರಿ ಅಂತ ನನ್ನ ಗಟ್ಟಿ ನಂಬಿಕೆ.

ಕ್ಲಾಸಿನಲ್ಲಿ ಇಂಗ್ಲಿಷ್ ಒಂದೇ ಗೊತ್ತಿದ್ದವರು ಎಲ್ಲಿ ನಿಲ್ಲುತ್ತಾರೆ ಅನ್ನುವುದೂ ಕಾಣಿಸಿತು. 'ಟಿ', 'ಖಿ' ಅಂತ ನೀನು, ನೀವು ಎರಡಿರುವುದು ಅವರಿಗೆ ಹೊಸದು. ಹೌದು ಅನ್ನಲು ಒಂದೇ ಪದ ಇಲ್ಲದಿರುವುದು ಇನ್ನೂ ಕಷ್ಟ. 'ಓಯ್ಸ್ ಕೊಫಿ?' ಅಂತ ಕೇಳಿದರೆ 'ಓಯ್ಸ್' ಅನ್ನಬೇಕು. ಕಾಫಿ ಇದೆಯಾ, ಇದೆ. ನಮಗೆ ಇದು ಮನೆಮಾತು. 'ಹ್ಯಾವ್' ಥರದ ಕ್ರಿಯಾಪದವೂ ಇಲ್ಲಿಲ್ಲ. 'ಮೈ ಗೆನ್ ಇ ಗಾರ್' ಅಂದರೆ ನನ್ನ ಹತ್ತಿರ ಕಾರಿದೆ, ಕ್ರಮ ಮಾತ್ರ ತಿರುಗುಮುರುಗು. ಕನ್ನಡಿಗರು ಇಂಥ ಪಾಠಗಳನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳದೆ ನೇರ ಕನ್ನಡದಲ್ಲಿ ಹಿಡಿದರೆ ಬಹಳ ಸಮಯ ಉಳಿತಾಯವಾಗುತ್ತದೆ.

ವ್ಯಾಕರಣ ಪುಸ್ತಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುರುವಿನಲ್ಲಿ ಅದನ್ನು ತೆರೆಯಬೇಡಿ. ಮೃದು ಬದಲಾವಣೆ ಒಂಬತ್ತು ಅಕ್ಷರಕ್ಕೆ, ಮೂಗಿನದು ಆರಕ್ಕೆ, ಉಸಿರಿನದು ಮೂರಕ್ಕೆ, ಯಾವ ಪದದ ನಂತರ ಯಾವುದು ಅಂತ ಪಟ್ಟಿ ಮೇಲೆ ಪಟ್ಟಿ. ಪಟ್ಟಿ ಬಾಯಿಪಾಠ ಮಾಡಿದವರು ಮಾತಿನ ನಡುವೆ ಅದನ್ನು ತಡಕುತ್ತಾ ನಿಲ್ಲುತ್ತಾರೆ. ಮನೆಡ್ಯಾಡ್ ಮುಗಿದ ಮೇಲೆ ಮಾತ್ರ ಅದೇ ಪುಸ್ತಕ ಬೆಲೆಬಾಳುತ್ತದೆ. 'ಮೇಲೆ' ಎನ್ನುವ 'ಆರ್' ಪದ ವ್ಯಕ್ತಿಗೆ ತಕ್ಕಂತೆ 'ಅರ್ನ ಇ', 'ಅರ್ನಟ್ ಟಿ', 'ಅರ್ನೊ ವೊ', 'ಅರ್ನಿ ಹಿ' ಅಂತ ರೂಪ ಬದಲಿಸುತ್ತದೆ. ಇದನ್ನು ಒಂದೇ ಪುಟದಲ್ಲಿ ಸಾಲಾಗಿ ನೋಡುವ ಅನುಕೂಲ ಬೇರೆಲ್ಲೂ ಇಲ್ಲ.

ಕೈಯಲ್ಲಿ ಸಮಯವೂ ದುಡ್ಡೂ ಇದ್ದವರು ಕ್ಲಾಸಿಗೇ ಸೇರಿ, ಮನೆಯಲ್ಲಿ ಕಿವಿಪಾಠ ಇಟ್ಟುಕೊಳ್ಳಿ. ಪಾಳಿ ಕೆಲಸದಿಂದ ಕ್ಲಾಸು ತಪ್ಪುವವರಿಗೆ ಕಿವಿಪಾಠ ಮೊದಲು, ಆಪ್ ಜೊತೆಗೆ. ಕಾರ್ಡಿಫ್, ಸ್ವಾನ್ಸಿ ಕಡೆ ಇರುವವರು ಎಲ್ಲದರಲ್ಲೂ ದಕ್ಷಿಣದ ರೂಪವನ್ನೇ ಆರಿಸಿ. ಬರೆಯಲು ಶುರು ಮಾಡಿದ ಮೇಲೆ ಬಂಗೋರ್ ವಿಶ್ವವಿದ್ಯಾಲಯದವರು ಮಾಡಿರುವ 'ಕಸಿಲ್' ಎಂಬ ತಪ್ಪು ತಿದ್ದುವ ತಂತ್ರಾಂಶವನ್ನು ಬಳಸಿ. ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತದೆ. ವಾಕ್ಯ ಹಾಕಿದರೆ ಎಲ್ಲಿ ಅಕ್ಷರ ಬದಲಾಗಬೇಕಿತ್ತು ಅಂತ ತೋರಿಸುತ್ತದೆ, ಯಾಕೆ ಅನ್ನುವುದನ್ನೂ ಹೇಳುತ್ತದೆ.