ಮೂರಂತಸ್ತಿನ ಮಣ್ಣಿನ ಕಾಂಪೋಸ್ಟರ್: ಮೂರು ವರ್ಷ ಬಳಸಿದ ಮೇಲೆ

ಅಡುಗೆಮನೆಯ ಹಸಿ ಕಸ ಹಾಕಿ ಗೊಬ್ಬರ ಮಾಡ್ಕೊಳ್ಳೋ ಈ ಕಾಂಪೋಸ್ಟರಿನ ಸೈಜು, ಲೀಟರ್ ಲೆಕ್ಕ ಎಲ್ಲ ಆನ್‌ಲೈನಲ್ಲೇ ಇದೆ, ಅದು ಬಿಡಿ. ನಾನು ಹೇಳಬೇಕಿರೋದು ಪಾಟಿನ ಮಣ್ಣಿನ ವಿಷಯ. ಬೆಂಗಳೂರಲ್ಲಿ ಬಾಡಿಗೆ ಮನೆ, ಟೆರೇಸಲ್ಲಿ ಹದಿನೆಂಟು ಪಾಟ್, ಎಲ್ಲದರಲ್ಲೂ ನರ್ಸರಿ ಕೆಂಪು ಮಣ್ಣು. ಬೇಸಿಗೆ ಬಂತು ಅಂದ್ರೆ ಅದು ಇಟ್ಟಿಗೆ ಥರ ಗಟ್ಟಿಯಾಗಿ ಅಂಚಲ್ಲಿ ಬಿರುಕು ಬಿಡೋದು, ಹಾಕಿದ ನೀರು ಬಿರುಕಲ್ಲೇ ಇಳಿದು ಕೆಳಗಿನ ತಟ್ಟೆ ಸೇರೋದು, ಬೇರಿನ ಹತ್ರ ಮಾತ್ರ ಒಣಕಲು. ಇದರ ಗೊಬ್ಬರ ಸೇರಿಸ್ತಾ ಬಂದ ಮೇಲೆ ಈಗ ಅದೇ ಮಣ್ಣಲ್ಲಿ ಬೆರಳು ಇಟ್ರೆ ಎರಡು ಗೆಣ್ಣು ಸಲೀಸಾಗಿ ಒಳಗೆ ಹೋಗುತ್ತೆ.

ದಿನಾ ಬೆಳಿಗ್ಗೆ ಕಾಫಿ ಕುಡಿದು ಸ್ಟೀಲ್ ಡಬ್ಬ ಹಿಡ್ಕೊಂಡು ಮೇಲೆ ಹೋಗ್ತೀನಿ, ಹಿಂದಿನ ದಿನದ ತರಕಾರಿ ಸಿಪ್ಪೆ, ಫಿಲ್ಟರಿನ ಚರಟ, ದೇವರ ಮನೆಯ ಬಾಡಿದ ಹೂವು (ಹೀರೆಕಾಯಿ ಸಿಪ್ಪೆ ಬರಲ್ಲ, ಅದು ಚಟ್ನಿಗೆ). ಒಂದು ಡಬ್ಬ ಹಸಿ ಕಸಕ್ಕೆ ಎರಡು ಡಬ್ಬ ತರಗೆಲೆ, ವಾರಕ್ಕೊಂದ್ಸಲ ಒಂದು ಲೋಟ ಹುಳಿ ಮಜ್ಜಿಗೆ. ಶಿವರಾತ್ರಿ ಆಸುಪಾಸು ರಸ್ತೆಯ ಹೊಂಗೆ ಮರ ಎಲೆ ಉದುರಿಸೋವಾಗ ನಾಲ್ಕು ಚೀಲ ತುಂಬಿಟ್ಕೋತೀನಿ. ಮುಚ್ಚಳ ತೆಗೆದ್ರೆ ಕೈಗೆ ಬೆಚ್ಚಗೆ ಹಬೆ ತಾಗುತ್ತಲ್ಲ, ಆ ಸುಖಕ್ಕೆ ಒಂದು ದಿನಾನೂ ತಪ್ಪಿಸಲ್ಲ.

ಆದ್ರೆ ಜೊತೇಲಿ ಬಂದ ಚೀಟಿಯಲ್ಲಿ "30 ದಿನಕ್ಕೆ ಗೊಬ್ಬರ ರೆಡಿ" ಅಂತ ಹಾಕಿದ್ರು, ಅದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ನಂಬಿ 30ನೇ ದಿನಕ್ಕೇ ಟೊಮ್ಯಾಟೊ, ಮೆಣಸಿನ ಸಸಿಗೆ ಹಾಕಿದೆ, ಹತ್ತು ದಿನದಲ್ಲಿ ಕೆಳಗಿನ ಎಲೆ ಎಲ್ಲ ಹಳದಿ. ಮಾರಿದವರಿಗೆ ಫೋನ್ ಮಾಡಿದ್ರೆ ಕಸ ಬೇಗ ಕೊಳೆಯೋಕೆ ಹಾಕೋ ಅವರದೇ ಪೌಡರ್ ಇನ್ನೊಂದು ಪ್ಯಾಕೆಟ್ ತಗೊಳ್ಳಿ ಅಂದ್ರು. ಊರಿಂದ ಬಂದಿದ್ದ ಅಮ್ಮ ಒಂದು ಹಿಡಿ ಮೂಸಿ ನೋಡಿ "ಇದಿನ್ನೂ ಹಸಿ ಗೊಬ್ಬರ ಕಣೋ, ತಿಪ್ಪೆ ಕಳೀದೆ ಯಾರಾದ್ರೂ ಹೊಲಕ್ಕೆ ಹೊಡೀತಾರಾ" ಅಂದ್ರು. ಸರಿನೇ. ಕೊಳೆಯೋದು ಮುಗಿದಿಲ್ಲ ಅಂದ್ರೆ ಸೂಕ್ಷ್ಮಜೀವಿಗಳು ಆ ಕೆಲಸಕ್ಕೆ ಮಣ್ಣಲ್ಲಿರೋ ಸಾರಜನಕವನ್ನೇ ಎಳ್ಕೋತವೆ, ಗಿಡ ಉಪವಾಸ ಬೀಳುತ್ತೆ. ನಮ್ಮ ಮನೇಲಿ ಪೂರ್ತಿ ಮೂರು ತಿಂಗಳು ಬೇಕು. ಈಗ ಒಂದು ಬಟ್ಟಲು ಗೊಬ್ಬರದಲ್ಲಿ ಮೆಂತ್ಯ ಹಾಕಿ ನೋಡ್ತೀನಿ, ಸರಿಯಾಗಿ ಮೊಳಕೆ ಬಂದ್ರೆ ಮಾತ್ರ ಗಿಡಕ್ಕೆ.

ಇನ್ನೊಂದು, ಇದನ್ನ ಯೂರಿಯಾ ಥರ ಅಂದ್ಕೋಬೇಡಿ. ಯೂರಿಯಾದಲ್ಲಿ 46% ಸಾರಜನಕ, ಮನೆ ಕಾಂಪೋಸ್ಟಲ್ಲಿ 1-2% ಇದ್ರೆ ಹೆಚ್ಚು, ಅದೂ ನಿಧಾನಕ್ಕೆ ಸಿಗೋದು. ಕಾಯಿ ಬಿಡೋ ಹೊತ್ತಲ್ಲಿ ಟೊಮ್ಯಾಟೊಗೆ ನಾನು ಕಡಲೆಕಾಯಿ ಹಿಂಡಿ ನೆನೆಸಿದ ನೀರೂ ಹಾಕ್ತೀನಿ. ಕಾಂಪೋಸ್ಟಿನ ಅಸಲಿ ಕೆಲಸ ಬೇರೆ: ಬ್ಯಾಕ್ಟೀರಿಯಾದ ಅಂಟು, ಶಿಲೀಂಧ್ರದ ಎಳೆ ಸೇರಿ ಮಣ್ಣಿನ ಕಣಗಳನ್ನ ಸಣ್ಣ ಸಣ್ಣ ಉಂಡೆ ಕಟ್ತವೆ, ಉಂಡೆ ಮಧ್ಯದ ಸಂದಿಯಲ್ಲಿ ಗಾಳಿ ಆಡುತ್ತೆ, ನೀರು ನಿಲ್ಲುತ್ತೆ, ಹಾಕಿದ ಪೋಷಕಾಂಶ ತೊಳೆದು ಹೋಗೋದೂ ಕಮ್ಮಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾಯ್ತಾ ಕೂತಿದ್ವಲ್ಲ, ಆವಾಗ ಎರಡು ದಿನಕ್ಕೊಮ್ಮೆ ಅಕ್ಕಿ ತೊಳೆದ ನೀರಲ್ಲೇ ನಮ್ಮ ಬದನೆ, ಕರಿಬೇವು ಉಳ್ಕೊಂಡ್ವು. ಮುಂಚೆ ದಿನಕ್ಕೆ ಎರಡು ಹೊತ್ತು ಹಾಕಿದ್ರೂ ಸೊರಗ್ತಿದ್ವು.

ಅಂಗಳ ಇರೋರು ದುಡ್ಡು ಹಾಕಬೇಡಿ, ಒಂದು ಗುಂಡಿ ಸಾಕು. ಟೆರೇಸ್ ಮಾತ್ರ ಇರೋರು ಆದ್ರೆ ಎರಡು ಸೆಟ್ ತಗೊಳ್ಳಿ, ಒಂದು ತುಂಬ್ತಾ ಇರೋವಾಗ ಇನ್ನೊಂದನ್ನ ಮುಟ್ಟದೆ ಬಿಡಬಹುದು. ಪೌಡರ್ ಬೇಡ, ಮಜ್ಜಿಗೆ ಸಾಕು.