ಹಳೆ 911 ಇರುವವರೇ, ಆಯಿಲ್ ಲೈನ್ ಕೆಲಸಕ್ಕೆ ಕೊಡುವ ಮುಂಚೆ ಇದನ್ನು ಓದಿ

ನ್ಯೂಜೆರ್ಸಿ ಕಡೆ ಹಳೆ ಪೋರ್ಶೆ 911 ಇಟ್ಟುಕೊಂಡಿರುವ ಕನ್ನಡದವರು ದಯವಿಟ್ಟು ಓದಿ. ಒಂದು ಗ್ಯಾರೇಜಿಗೆ ಆಯಿಲ್ ಲೈನ್ (ಎಂಜಿನ್ ಆಯಿಲ್ ಹರಿಯುವ ಪೈಪ್) ಕೆಲಸಕ್ಕೆ ಕೊಟ್ಟು 2,400 ಡಾಲರ್ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುತ್ತಿರುವುದು ನನ್ನನ್ನು ಅಷ್ಟು ಸುಲಭವಾಗಿ ಯಾಮಾರಿಸಿದರಲ್ಲ ಅಂತ.

ನನ್ನದು 1986ರ ಕರೇರಾ. ಬಲಗಡೆ ಹಿಂದಿನ ಚಕ್ರದ ಮುಂದೆ ಆಯಿಲ್ ಥರ್ಮೋಸ್ಟಾಟ್ (ಆಯಿಲ್ ಬಿಸಿಯಾದಾಗ ಅದನ್ನು ಕೂಲರ್ ಕಡೆ ಬಿಡುವ ವಾಲ್ವ್) ಇರುತ್ತದಲ್ಲ, ಅಲ್ಲಿ ಲೈನ್ ಸೇರುವ ನಟ್ ಹತ್ತಿರ ಆಯಿಲ್ ಜಿನುಗುತ್ತಿತ್ತು. ಅಲ್ಲಿಂದ ಕಾರಿನ ಮುಂಭಾಗದ ಆಯಿಲ್ ಕೂಲರ್‌ಗೆ ಹೋಗುವ ಎರಡೂ ಲೈನ್ ಬದಲಾಯಿಸಲು ಗ್ಯಾರೇಜಿನವರ ಜೊತೆ ಮಾತಾಯಿತು. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿಗೆ ಆ ನಟ್‌ಗಳು ಕಚ್ಚಿಕೊಂಡುಬಿಡುತ್ತವೆ. "ಬಲವಂತವಾಗಿ ತಿರುಗಿಸಬೇಡಿ. ಹಳೆ ಲೈನ್ ಹೇಗೂ ಬಿಸಾಡುವುದು, ನಟ್ಟನ್ನೇ ಸೀಳಿ, ಥರ್ಮೋಸ್ಟಾಟ್ ಉಳಿಸಿ" ಅಂತ ಮೂರು ಸಲ ಹೇಳಿದ್ದೆ. ಮೂರು ಸಲ! "ಇಂಥ ಕಾರು ಎಷ್ಟೋ ನೋಡಿದ್ದೀವಿ" ಅಂದರು.

ನಾಲ್ಕನೇ ದಿನ ಫೋನ್. ಥರ್ಮೋಸ್ಟಾಟಿನ ಥ್ರೆಡ್ ಹೋಗಿದೆ, ಹೊಸದು ಬೇಕು, ಅದರ ದುಡ್ಡು ಬೇರೆ. ನಟ್ ಸೀಳಿದ್ರಾ ಅಂದರೆ ಮಾತೇ ಇಲ್ಲ. ಆಮೇಲೆ, "ಹಳೆ ಕಾರು, ಹೀಗೆಲ್ಲ ಆಗುತ್ತದೆ." ಕಾರು ಬಿಚ್ಚಿ ಹಾಕಿದ್ದಾರೆ, ಇನ್ನೇನು ಮಾಡುವುದು? ಒಪ್ಪಿಕೊಂಡೆ.

ಶನಿವಾರ ಮನೆಯಲ್ಲಿ ಕೆಳಗೆ ಟಾರ್ಚ್ ಬಿಟ್ಟು ನೋಡಿದೆ. ಎರಡೂ ಲೈನ್ ಕಪ್ಪಗೆ ಮಿಂಚುತ್ತಿದ್ದವು. ಖುಷಿಯಾಯಿತು. ಸುಮ್ನೆ ಕೈಯಾಡಿಸಿದೆ. ಬಾಗಿಲ ಕೆಳಗೆ ಹೋಗುವ ಕಡೆ ಒಂದು ಲೈನಿನಲ್ಲಿ ತಗ್ಗು. ಅದು ನನಗೆ ಗೊತ್ತಿರುವ ತಗ್ಗು! ಹಿಂದೆ ಟೈರ್ ಅಂಗಡಿಯವನು ತಪ್ಪು ಜಾಗಕ್ಕೆ ಜಾಕ್ ಕೊಟ್ಟು ಒತ್ತಿದ್ದು. ಹೊಸ ಲೈನಿಗೆ ಹಳೆ ತಗ್ಗು ಎಲ್ಲಿಂದ ಬಂತು? ಉಗುರಿನಲ್ಲಿ ಕೆರೆದೆ. ಪೇಂಟ್ ಎದ್ದು ಬಂತು. ಒಂದನ್ನು ಮಾತ್ರ ಬದಲಾಯಿಸಿ, ಇನ್ನೊಂದಕ್ಕೆ ಬರೀ ಬಣ್ಣ ಬಳಿದಿದ್ದರು. ಬಿಲ್ಲಿನಲ್ಲಿ ಎರಡು ಹೊಸ ಲೈನ್. ಅಲ್ಲೇ ನೆಲದ ಮೇಲೆ ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ.

ಫೋನ್ ಮಾಡಿದರೆ ಮೊದಲು "ಅದು ಹೊಸದೇ." ಫೋಟೊ ಕಳಿಸಿದೆ. "ಅದು ಚೆನ್ನಾಗಿತ್ತು, ನಿಮ್ಮ ದುಡ್ಡು ಉಳಿಸಿದೆವು." ಉಳಿಸಿದ್ದೆಲ್ಲಿ, ಎರಡಕ್ಕೂ ಬಿಲ್ ಹಾಕಿದ್ದೀರಲ್ಲ? "ಟೈಪಿಂಗ್ ತಪ್ಪು." ಹಾಗಾದರೆ ದುಡ್ಡು ವಾಪಸ್ ಕೊಡಿ. "ಓನರ್ ಊರಲ್ಲಿಲ್ಲ." ಹತ್ತು ದಿನದಿಂದ ಓನರ್ ಊರಲ್ಲಿಲ್ಲ!

ಬಿಚ್ಚಿದ ಹಳೆ ಲೈನ್, ನಟ್ ಎಲ್ಲ ಡಿಕ್ಕಿಯಲ್ಲಿ ಹಾಕಿ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ದುಡ್ಡು ಕೊಡುವ ಮುಂಚೆ, ಕಾರು ಲಿಫ್ಟ್ ಮೇಲೆ ಇರುವಾಗಲೇ ಕೆಳಗೆ ನಿಂತು ಮುಟ್ಟಿ ನೋಡಿ. ಸಂಕೋಚ ಪಡಬೇಡಿ, ನಾನು ಪಟ್ಟೆ.

ಕ್ರೆಡಿಟ್ ಕಾರ್ಡಿನವರಿಗೆ ದೂರು ಕೊಟ್ಟಿದ್ದೇನೆ. ಕಾರು ಮನೆಯಲ್ಲೇ ನಿಂತಿದೆ. ಈ ಎಂಜಿನ್‌ಗೆ ರೇಡಿಯೇಟರ್ ನೀರಿಲ್ಲ, ತಣ್ಣಗಾಗುವುದು ಗಾಳಿ ಮತ್ತು ಆಯಿಲ್‌ನಿಂದಲೇ. ಆ ತಗ್ಗಿನ ಲೈನ್ ನಂಬಿಕೊಂಡು ಓಡಿಸಲು ನನಗೆ ಧೈರ್ಯ ಬರುತ್ತಿಲ್ಲ.